ಸದ್ದು ಕೇಳಿಯೇ ರೋಗ ಹೇಳುವ ಸೂಜಿ ಅಕ್ಕ

ಬೆಳಗಿನ ಐದೂವರೆ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಹಿಟ್ಟಿನ ಡಬ್ಬಕ್ಕೆ ಮೊಬೈಲ್ ಆನಿಸಿ, ಸೂಜಿ ಅಕ್ಕ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ. ಗುಂಪಿಗೆ ಬಂದ ರೆಕಾರ್ಡಿಂಗ್‌ನಲ್ಲಿ ಯಾರದೋ ಮನೆಯ ಹೊಲಿಗೆ ಯಂತ್ರ ಟಕ್ ಟಕ್ ಕಿರ್ರ್ ಎನ್ನುತ್ತದೆ. ಕಣ್ಣು ಮುಚ್ಚಿ ಎರಡು ಸಲ ಕೇಳಿ ಉತ್ತರ ಬರೆಯುತ್ತಾರೆ: "ಬಾಬಿನ್ ಕೇಸ್ ಕೆಳಗೆ ದಾರದ ಚೂರು ಸಿಕ್ಕೊಂಡಿದೆ. ಬ್ರಷ್‌ನಲ್ಲಿ ತೆಗೀರಿ ಸಾಕು, ಏನೂ ಕೊಳ್ಬೇಡಿ."

ಈಕೆ ಬಿಡಿಭಾಗ ಮಾರುವ ಕಂಪನಿಯ ಉದ್ಯೋಗಿ ಎಂದರೆ ನಂಬುತ್ತೀರಾ!

ಇಪ್ಪತ್ತೆರಡು ವರ್ಷ ರಿಪೇರಿ ಅಂಗಡಿಯಲ್ಲಿ ಬೆನ್ನು ಬಗ್ಗಿಸಿ ದುಡಿದವರು. ಅಂಗಡಿ ಮುಚ್ಚಿದಾಗ ಕೈಹಿಡಿದದ್ದು ಅಣ್ಣನ ಮಗಳ ಹೊಸ ಪುಟ್ಟ ಕಂಪನಿ. ಜಾಹೀರಾತು ಹಾಕುವ ಶಕ್ತಿ ಅದಕ್ಕೆಲ್ಲಿದೆ? ಹನ್ನೊಂದು ಸಾವಿರ ಹೊಲಿಗೆಯವರಿರುವ ಆನ್‌ಲೈನ್ ಗುಂಪಿನಿಂದಲೇ ಗಿರಾಕಿಗಳು ಬರಬೇಕು. ಅಕ್ಕ ಅಲ್ಲಿ ದಿನಕ್ಕೆ ಮೂವತ್ತು ಪ್ರಶ್ನೆಗೆ ಉತ್ತರಿಸುತ್ತಾರೆ, ಕಂಪನಿಯ ಹೆಸರು ಮಾತ್ರ ತಾವಾಗಿ ಎತ್ತುವುದಿಲ್ಲ. "ಮೊದ್ಲು ಅವ್ರ ಮಿಷನ್ ಸರಿಹೋಗ್ಲಿ. ಆಮೇಲೆ ಕೇಳಿದ್ರೆ ಹೇಳ್ತೀನಿ," ಎನ್ನುತ್ತಾರೆ.

ಕಳೆದ ತಿಂಗಳು ಒಂದು ಬೆಳಗ್ಗೆ ಮೊಬೈಲ್ ತೆರೆದರೆ ಒಂದೇ ಸಾಲು: 'ನಿಮ್ಮನ್ನು ಗುಂಪಿನಿಂದ ತೆಗೆಯಲಾಗಿದೆ.' ಅಯ್ಯೋ, ಏಕೆ? ಆರ್ಡರ್ ಸಾಲದೆ ಕಂಗೆಟ್ಟ ಅಣ್ಣನ ಮಗಳು ಅತ್ತೆಯ ಖಾತೆಗೆ ನುಗ್ಗಿ, ಅವರ ನಾನೂರು ಹಳೆಯ ಉತ್ತರಗಳ ಕೆಳಗೂ ಜಾಹೀರಾತು ಅಂಟಿಸಿದ್ದಳು!

"ಕೈಕಾಲೇ ಆಡ್ಲಿಲ್ಲ ನಂಗೆ. ನಾನೂರು ಮನೆ ಬಾಗ್ಲಲ್ಲಿ ಮಾನ ಹರಾಜಾದಂಗಾಯ್ತು," ಎನ್ನುತ್ತಾರೆ ಅಕ್ಕ.

"ಈ ತಿಂಗ್ಳು ಆರ್ಡರ್ ಬರ್ದಿದ್ರೆ ಕಂಪನಿ ಮುಚ್ಬೇಕಿತ್ತು ಅತ್ತೆ," ಎಂದು ಹುಡುಗಿ ಗೊಳೋ ಎಂದಳಂತೆ.

ಗುಂಪು ನಡೆಸುವ ಹಿರಿಯ ದರ್ಜಿಗೆ ಅಕ್ಕ ಫೋನ್ ಮಾಡಿದರು. "ತಪ್ಪು ನಂದೇ ಸಾರ್," ಎಂದರೇ ಹೊರತು ಹುಡುಗಿಯ ಸುದ್ದಿ ಎತ್ತಲಿಲ್ಲ. ಐದನೇ ದಿನ ಮತ್ತೆ ಸೇರಿಸಿಕೊಂಡರು, ಆದರೆ ಇನ್ನು ಯಾರು ಕೇಳಿದರೂ ಕಂಪನಿಯ ಹೆಸರು ಹೇಳಕೂಡದೆಂಬ ಷರತ್ತಿನ ಮೇಲೆ. ಅಕ್ಕ ಒಪ್ಪಿದರು. ಹುಡುಗಿ ತಲೆಯ ಮೇಲೆ ಕೈಹೊತ್ತು ಕೂತಳು.

ಮರುದಿನವೇ ಗುಂಪಿನಲ್ಲಿ ಯಾರೋ ಕೇಳಿದರು: "ಒಳ್ಳೆ ಬಾಬಿನ್ ಕೇಸ್ ಎಲ್ಲಿ ಸಿಗುತ್ತೆ?" ಅಕ್ಕ ತುಟಿ ಕಚ್ಚಿ ಕೂತರು. ನೋಡನೋಡುತ್ತಲೇ ಹದಿನೇಳು ಮಂದಿ ಅವರದೇ ಕಂಪನಿಯ ಹೆಸರು ಬರೆದರು! ಒಬ್ಬಾಕೆ ಇನ್ನೂ ಒಂದು ಸಾಲು ಸೇರಿಸಿದ್ದಳು: "ಸೂಜಿ ಅಕ್ಕ ಇರೋ ಕಂಪನಿ. ಬೇಡದಿದ್ರೆ ಕೊಳ್ಬೇಡಿ ಅಂತ ಬಾಯ್ಬಿಟ್ಟು ಹೇಳ್ತಾರೆ." ಕಂಪನಿ ಮುಚ್ಚುವ ಮಾತು ಅಂದಿಗೆ ನಿಂತಿತು.

ಈಗ ಆರೂಕಾಲು. ಬ್ರಷ್ ಹಿಡಿಯಲು ಹೇಳಿಸಿಕೊಂಡ ಮನೆಯಿಂದ ಇನ್ನೊಂದು ರೆಕಾರ್ಡಿಂಗ್ ಬರುತ್ತದೆ. ಪ್ರಶ್ನೆಯೇ ಇಲ್ಲ, ಬರೀ ಸದ್ದು.

"ಏನಂತೆ ಅತ್ತೆ ರೋಗ?" ಪಕ್ಕದಲ್ಲಿ ಕೂತ ಹುಡುಗಿ ಗಾಬರಿಯಿಂದ ಕೇಳುತ್ತಾಳೆ.

"ರೋಗ ಏನಿಲ್ಲ ಕಣೇ. ಸರಿಹೋಯ್ತು ಅಂತ ಕೇಳಿಸ್ತಿದಾರೆ," ಎಂದು ಅಕ್ಕ ಇನ್ನೊಂದು ಇಯರ್‌ಫೋನನ್ನು ಅವಳ ಕಿವಿಗೆ ಸಿಕ್ಕಿಸುತ್ತಾರೆ.