ಎಳನೀರಿನವನು ಯಾವ ಕಡೆ

ನಾನು ಹುಟ್ಟುಕುರುಡ. "ದೇವ್ರು ಕಣ್ಣು ಕಿತ್ಕೊಂಡ್ರೂ ಕಿವಿ ಚುರುಕಾಗಿ ಕೊಟ್ಟಿದಾನೆ ಬಿಡಿ" ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಕಿವಿಯೂ ಎಲ್ಲರ ಕಿವಿಯಂಥದ್ದೇ. ಮಿದುಳಿನಲ್ಲಿ ನೋಡುವುದಕ್ಕೆಂದು ಇರುವ ಭಾಗ ನನ್ನಂಥವರಲ್ಲಿ ಸುಮ್ಮನೆ ಕೂರದೆ ಸದ್ದಿನ ಕೆಲಸಕ್ಕೆ ನಿಲ್ಲುತ್ತದಂತೆ, ಜಯನಗರದ ಡಾಕ್ಟರು ಹೇಳಿದರು. ಎರಡು ಕಿವಿಗೂ ಬೀಳುವ ಸದ್ದನ್ನು ತಾಳೆ ನೋಡಿ, ಯಾವುದು ಎಲ್ಲಿದೆ ಎಂದು ತಿಳಿಯುತ್ತೇನೆ.

ಡಾಕ್ಟರು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಬಲಗಿವಿ ಕಮ್ಮಿ ಆಗ್ತಾ ಇದೆ ಸಾರ್. ಮಿಷನ್ ಹಾಕಿದ್ರೂ ಎಷ್ಟು ಉಳಿಯುತ್ತೋ ಹೇಳಕ್ಕಾಗಲ್ಲ" ಎಂದರು. ಅದು ಹೋದರೆ ರಸ್ತೆ ದಾಟುವುದು ಹೇಗೆ ಎಂದು ಕೇಳಿದೆ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ ಎಂದರು. ಇಷ್ಟು ವರ್ಷ ಒಬ್ಬನೇ ಓಡಾಡಿದವನಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ.

ನಾನಿರುವುದು ಸಾರಕ್ಕಿ ಸಿಗ್ನಲ್ ಹತ್ತಿರ, ಅಕ್ಕನ ಜೊತೆ, ಮೊದಲನೇ ಮಹಡಿಯಲ್ಲಿ. ಬೆಳಿಗ್ಗೆ ಕಾಫಿ ಹಿಡಿದು ಕಿಟಕಿಯ ಬಳಿ ಕೂರುತ್ತೇನೆ. ನನಗೆ ರಸ್ತೆಯೇ ಪೇಪರು. ಬಲಕ್ಕೆ ಮರದ ಕೆಳಗೆ ಎಳನೀರಿನವನ ಮಚ್ಚು, ಎಡಕ್ಕೆ ಸ್ಟಾಪಿನಲ್ಲಿ ನಿಲ್ಲುವ ಬಸ್ಸಿನ ಬ್ರೇಕು.

ಅರೆಕೆರೆಯ ಚಿಕ್ಕಮ್ಮನ ಮನೆಯಲ್ಲಿ ಕೆಲವು ದಿನ ಇದ್ದು ಬಂದೆ. ಮರುದಿನ ಕಾಫಿ ಹಿಡಿದು ಕೂತರೆ ರಸ್ತೆಯೇ ಇಲ್ಲ. ಅಡುಗೆಮನೆಯಲ್ಲಿ ಅಕ್ಕ ಚಮಚ ಇಟ್ಟದ್ದು ಕೇಳಿತು, ಹೊರಗಿನದು ಏನೂ ಇಲ್ಲ. ಕಾಫಿ ಕೆಳಗಿಟ್ಟು ಅಕ್ಕನನ್ನು ಕೂಗಿದೆ.

"ಕಿಟಕಿಗೆ ಡಬಲ್ ಗ್ಲಾಸ್ ಹಾಕಿಸ್ದೆ ಕಣೋ" ಎಂದಳು ಅಕ್ಕ. "ಈ ಗಲಾಟೇಲೇ ನಿನ್ ಕಿವಿ ಹಾಳಾಗಿದ್ದು. ಇನ್ಮೇಲೆ ನೆಮ್ಮದಿಯಾಗಿರು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು. "ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ? ನಿನ್ ಕಣ್ಣಿಗೆ ಯಾರಾದ್ರೂ ಬಟ್ಟೆ ಕಟ್ಟಿದ್ರೆ ಸುಮ್ನಿರ್ತಿದ್ಯಾ?" ಎಂದು ರೇಗಿದೆ. ಅವಳು ಮೂಗೆಳೆದುಕೊಳ್ಳುತ್ತ ಬಂದು ಗಾಜು ಸರಿಸಿದಳು.

ಸಾರಕ್ಕಿ ಒಮ್ಮೆಲೇ ಒಳಗೆ ನುಗ್ಗಿತು. ಹೋದ ಜೀವ ಬಂದಂತಾಯಿತು. ಅಕ್ಕನ ಮೇಲೆ ರೇಗಿದ್ದಕ್ಕೆ ಬೇಜಾರಾಗಿ, ಸಮಾಧಾನಕ್ಕೆಂದು ಏನೋ ಮಾತು ತೆಗೆದೆ. "ಎಳನೀರಿನವ್ನು ಬಸ್ ಸ್ಟಾಪ್ ಕಡೆಗೆ ಹೋಗ್ಬಿಟ್ಟಿದಾನಾ? ಮಚ್ಚಿನ್ ಸದ್ದು ಎಡಗಡೆಯಿಂದ ಬರ್ತಿದೆ."

ಅಕ್ಕ ಬಗ್ಗಿ ನೋಡಿದಳು. "ಇಲ್ವಲ್ಲೋ. ಬಲಗಡೆ, ಅದೇ ಮರದ ಕೆಳಗೇ ಇದಾನೆ."

ಇನ್ನೊಂದು ಕಾಯಿ ಕೊಚ್ಚುವವರೆಗೂ ಕಾದೆ. ಅದೂ ಎಡಗಡೆಯಿಂದಲೇ ಬಂತು. ಬಲಗಿವಿ ಹೋಗೇಬಿಟ್ಟಿತೇ ಎಂದು ನನಗೆ ತುಂಬಾ ಭಯವಾಯಿತು. ಗಾಜು ಮುಚ್ಚಿಬಿಡು ಎಂದೆ.