ನೀಲಮ್ಮ ಕಾಕು ಹಾಡಿದ ಎರಡು ನುಡಿ

ಸ್ಟುಡಿಯೋದ ಕಂಪ್ಯೂಟರ್ ಚಾಲೂ ಆಗುವಾಗ ಶರಣಪ್ಪ ಕಾಕಾ ಕೈಕಟ್ಟಿ ನಿಲ್ಲುತ್ತಿದ್ದರು. ಪರದೆಯ ಮೇಲೆ ಒಂದೊಂದೇ ಹೆಸರು ಓಡಿ ಮುಗಿಯುವವರೆಗೆ ನಾವ್ಯಾರೂ ಪಿಟಕ್ಕೆನ್ನುವಂತಿರಲಿಲ್ಲ. ನನಗೋ ಬಾಯಿ ಸುಮ್ಮನಿರದ ರೋಗ. ಬಸವಕಲ್ಯಾಣದಿಂದ ಬಸ್ಸಿನಲ್ಲಿ ಕುಲುಕಾಡಿಕೊಂಡು ಹುಮನಾಬಾದಿಗೆ ಬಂದಿದ್ದು ಹಾಡಲಿಕ್ಕೋ ಮೌನವ್ರತಕ್ಕೋ ಎಂದು ಒಮ್ಮೆ ಕೇಳಿಯೇಬಿಟ್ಟೆ.

“ಹಾಜರಿ ತಗೊಳ್ಳಾಕತ್ತದ, ಟೀಚರವ್ವಾ. ನಿಮ್ಮ ಸಾಲ್ಯಾಗ ಹಾಜರಿ ಟೈಮಿಗಿ ಗದ್ದಲ ಮಾಡಿದ್ರ ಸುಮ್ಮ ಬಿಡ್ತೀರೇನು?” ಎಂದರು ಕಾಕಾ.

ಕ್ಯಾಸೆಟ್ ಹೋಗಿ ಸೀಡಿ ಬಂದಿದ್ದ ಕಾಲ. ನಮ್ಮ ಭಜನಾ ಮಂಡಳಿಯ ಹಾಡುಗಳೆಲ್ಲ ಆಗಿದ್ದು ಕಾಕಾ ಅವರ ಸ್ಟುಡಿಯೋದಲ್ಲೇ. ಸ್ಟುಡಿಯೋ ಅಂದರೇನು, ಗೋಡೆಗೆ ಹಳೆಯ ಕೌದಿ ಬಡಿದ ಒಂದು ಕೋಣೆ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆ ಕಡೆ ಕಬ್ಬಿನ ಟ್ರ್ಯಾಕ್ಟರ್ ಹಾಯ್ದರೆ ಹಾಡು ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು.

ಹಾಡಿಗೆ ಗುಡಿಯೊಳಗಿನ ಪ್ರತಿಧ್ವನಿಯಂಥ ಗುಂಗು ಹಚ್ಚುವ, ಬೇಡದ ಸದ್ದು ತೊಳೆಯುವ ಸಣ್ಣ ಸಣ್ಣ ಪ್ಲಗಿನ್‌ಗಳನ್ನು ಸಾಫ್ಟ್‌ವೇರ್ ಒಂದೊಂದಾಗಿ ಕರೆದು ನೋಡುವುದೇ ಆ ಹಾಜರಿ. ಒಮ್ಮೆ ನೋಡಿದ್ದನ್ನು ಅದು ಪಟ್ಟಿ ಮಾಡಿಟ್ಟುಕೊಂಡು, ಮರುದಿನ ಪಟ್ಟಿ ಓದಿಯೇ ಮುಗಿಸುತ್ತಿತ್ತು. ಕಾಕಾಗೆ ಅದು ಒಪ್ಪದು. ಪಟ್ಟಿ ಅಳಿಸಿ ಮತ್ತೆ ಎಲ್ಲವನ್ನೂ ಕೂಗಿಸುತ್ತಿದ್ದರು. “ಪಟ್ಟ್ಯಾಗ ಹೆಸರು ಬರದ್ರ ಆತೇನು? ಹುಡುಗ ಬೆಂಚಿನ ಮ್ಯಾಲ ಇರಬೇಕಲ್ಲ!”

ಊರ ತುಂಬ ಈ ಪ್ಲಗಿನ್‌ಗಳ ಕದ್ದ ಕಾಪಿ ಓಡುತ್ತಿದ್ದಾಗ ಲೈಸೆನ್ಸ್ ತೆಗೆದುಕೊಂಡವರು ಕಾಕಾ ಒಬ್ಬರೇ. ಅದು ಆ ಒಂದು ಕಂಪ್ಯೂಟರಿಗಷ್ಟೇ ನಡೆಯುತ್ತಿತ್ತು. ಕಂಪ್ಯೂಟರ್ ಬದಲಾದರೆ ಕಂಪನಿಯಿಂದ ಹೊಸ ಕೋಡ್ ತರಿಸಬೇಕು. ಅದಕ್ಕೇ ಆ ಮುದಿ ಕಂಪ್ಯೂಟರನ್ನು ಬಟ್ಟೆ ಹೊದಿಸಿ ಸಾಕಿದ್ದರು. ಇನ್ನೂ ದೊಡ್ಡ ಕಾರಣ ಬೇರೆಯಿತ್ತು. ಅವರ ಹೆಂಡತಿ ನೀಲಮ್ಮ ಕಾಕು ಒಂದು ಹಾಡಿನ ಎರಡು ನುಡಿ ಹಾಡಿ, ಮೂರನೆಯದನ್ನು ಹಾಡುವ ಮೊದಲೇ ತೀರಿಕೊಂಡಿದ್ದರು. ಸೀಡಿ ಆಗಲೇ ಇಲ್ಲ. ಆ ದನಿ ಇದ್ದದ್ದು ಆ ಕಂಪ್ಯೂಟರಿನೊಳಗೆ ಮಾತ್ರ. ದಿನಾ ಬೆಳಿಗ್ಗೆ ಅದನ್ನೊಮ್ಮೆ ಕೇಳಿಯೇ ಕಾಕಾ ಕೆಲಸಕ್ಕೆ ಕೂಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಕಂಪ್ಯೂಟರ್ ಸುಟ್ಟುಹೋಯಿತು. ಪುಣ್ಯಕ್ಕೆ ಒಳಗಿನ ಡಿಸ್ಕಿನಲ್ಲಿದ್ದ ಫೈಲುಗಳು ಉಳಿದಿದ್ದವು. ಗಾಬರಿಯಲ್ಲಿ ಕಾಕಾ ಎಲ್ಲವನ್ನೂ, ಆ ಪಟ್ಟಿ ಸಮೇತ, ಹೊಸದಕ್ಕೆ ಹಾಕಿದರು. ಹೆಸರುಗಳೇನೋ ಸಾಲಾಗಿ ಬಂದವು. ಲೈಸೆನ್ಸ್ ಇಲ್ಲದ್ದರಿಂದ ಒಂದೂ ಪ್ಲಗಿನ್ ಕೆಲಸ ಮಾಡಲೊಲ್ಲದು. ಹೊಸ ಕೋಡ್ ಕೇಳೋಣವೆಂದರೆ ಕಂಪನಿಯೇ ಮುಚ್ಚಿಹೋಗಿತ್ತು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ವಾರ. ಮುಂದಿನ ಯುಗಾದಿಗೆ ಅವರೂ ಇರಲಿಲ್ಲ. ನಾನು ಸ್ಟುಡಿಯೋಕ್ಕೆ ಹೋದ ಆ ದಿನ ಅವರ ಮುಖ ನೋಡಲಾಗಲಿಲ್ಲ. ಪ್ಲಗಿನ್ ಇಲ್ಲದೆ ಕಾಕು ದನಿ ದಿನಾ ಕೇಳುತ್ತಿದ್ದ ಹಾಗೆ ಇನ್ನು ಬರದೆಂದು, ಹೆಂಡತಿಯನ್ನು ಎರಡನೇ ಸಲ ಕಳೆದುಕೊಂಡವರ ಹಾಗೆ ಕೂತಿದ್ದರು.

“ಯಾರದರೆ ಕಾಪಿ ಹಾಕ್ಕೋರಿ ಕಾಕಾ, ಯಾರ್ ನೋಡ್ತಾರ?” ಎಂದು ಜೋರು ಮಾಡಿದೆ.

“ಆಕಿ ದನಿಗಿ ಕದ್ದ ಸಾಮಾನ ಹಚ್ಚಂಗಿಲ್ಲ, ತಂಗಿ. ಹ್ಯಾಂಗದ ಹಾಂಗೇ ಕೇಳ್ತೀನಿ.”

ನನಗೆ ಸಿಟ್ಟೂ ಬಂತು, ಅವರ ಮೇಲೆ ಪ್ರೀತಿಯೂ ಉಕ್ಕಿತು. ಕಾಕಾ ಅಳುಕುತ್ತಲೇ ಹಾಡಿನ ಗುಂಡಿ ಒತ್ತಿದರು. ಗುಂಗಿಲ್ಲ, ಮೆರುಗಿಲ್ಲ, ಕಾಕು ಪಡಸಾಲೆಯಲ್ಲಿ ಕೂತು ಹಾಡಿದಂತೆ ಬರೀ ದನಿ. ನಡುವೆ ಉಸಿರು, ಬಳೆಯ ಸದ್ದು. ಎರಡನೇ ನುಡಿ ಮುಗಿಯಿತು. ಕಾಕಾ ನಿಲ್ಲಿಸಲು ಕೈ ಚಾಚುವಷ್ಟರಲ್ಲಿ ಮೆತ್ತಗೆ ಒಂದು ಮಾತು ಬಂತು.

“ಬರೋಬರ್ ಆತೇನ್ರಿ?”

ಸಣ್ಣ ಸದ್ದನ್ನೆಲ್ಲ ಮುಚ್ಚಿಬಿಡುವ ಒಂದು ಪ್ಲಗಿನ್ ಇಷ್ಟು ವರ್ಷ ಆ ಮಾತನ್ನೂ ಮುಚ್ಚಿತ್ತು. ಹಾಡಿಸಿದ ದಿನವೇ ಅದನ್ನು ಹಚ್ಚಿದ್ದರಿಂದ ಹೆಡ್‌ಫೋನ್ ಹಾಕಿದ್ದ ಕಾಕಾ ಕಿವಿಗೆ ಅದು ಬಿದ್ದೇ ಇರಲಿಲ್ಲ. ಸರಿಯಾಗಿ ಬಂತೇ ಎಂದು ಕಾಕು ಕೇಳಿದ್ದರು, ಇವರು ಉತ್ತರ ಕೊಟ್ಟಿರಲಿಲ್ಲ.

ಕಾಕಾ ನಾನಿದ್ದೇನೆಂಬುದನ್ನೂ ಮರೆತು ಪರದೆಯ ಕಡೆಗೆ ಬಗ್ಗಿದರು.

“ಬರೋಬರ್ ಆಗ್ಯದ, ನೀಲಾ,” ಎಂದರು. “ಭಾಳ ಚಂದ ಹಾಡಿದಿ.”