ನಲ್ಲಿ ಇದ್ದ ಗುಡ್ಡ

ಆ ಗುಡ್ಡದ ಮೇಲೆ ನಲ್ಲಿ ಇತ್ತೇ ಇಲ್ಲವೇ ಎಂಬುದು ನನ್ನ ಮತ್ತು ನನ್ನ ಅಕ್ಕನ ನಡುವೆ ಬಹಳ ದಿನ ನಡೆದ ವ್ಯಾಜ್ಯ. ಗುಡ್ಡ ಇರುವುದು ಉತ್ತರ ಇಟಲಿಯ ಒಂದು ಕಣಿವೆಯಲ್ಲಿ. ವ್ಯಾಜ್ಯ ನಡೆಯುತ್ತಿದ್ದದ್ದು ಆಕ್ಲಂಡಿನಿಂದ ಮೂರು ಗಂಟೆ ದೂರದ ಟೌರಂಗಾದಲ್ಲಿ, ಅವಳ ಅಡುಗೆಮನೆಯ ಮೇಜಿನ ಎದುರು. ಕಿಟಕಿಯಾಚೆ ಪಕ್ಕದವರ ಕಿವಿಹಣ್ಣಿನ ತೋಟದ ಎತ್ತರದ ಬೇಲಿಮರಗಳು. ನಾನು ಡನೀಡಿನ್‌ನಿಂದ ರಜೆಗೆ ಬಂದಾಗಲೆಲ್ಲ ಎರಡನೆಯ ಚಹಾದ ಹೊತ್ತಿಗೆ ಆ ಮಾತು ಏಳುತ್ತಿತ್ತು.

ನಮ್ಮದು ಗದಗದ ಕಡೆಯ ಮುಸ್ಲಿಂ ಮನೆ. ಒಲೆಯ ಮುಂದೆ ಕನ್ನಡ, ನೆಂಟರ ಮುಂದೆ ಉರ್ದು. ಅಕ್ಕನನ್ನು ನಾನು ಆಪಾ ಎನ್ನುತ್ತೇನೆ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಈ ದೇಶಕ್ಕೆ ಮೊದಲು ಬಂದವಳು ಅವಳೇ. ಅವಳ ಬೆನ್ನಿಗೆ ಓದಲು ಬಂದು ಇಲ್ಲೇ ಇತಿಹಾಸ ಕಲಿಸುತ್ತ ಉಳಿದವನು ನಾನು. ಕಣ್ಣಾರೆ ಕಂಡವರ ಮಾತನ್ನೂ ತೂಗಿ ನೋಡಿ, ನೆನಪು ಪ್ರತಿ ಸಲ ಹೊಸದಾಗಿ ಹೆಣೆದುಕೊಳ್ಳುತ್ತದೆ, ಎಂದು ವಿದ್ಯಾರ್ಥಿಗಳಿಗೆ ಹೇಳುವುದು ನನ್ನ ಹೊಟ್ಟೆಪಾಡು. ಈ ಪಾಠವನ್ನು ತರಗತಿಯಲ್ಲೇ ಬಿಟ್ಟು ಬರುವ ಜಾಣತನ ನನಗೆ ಬರಲಿಲ್ಲ.

ಇಟಲಿಗೆ ನಾವಿಬ್ಬರೂ ಹೋದದ್ದು ಒಂದು ದುಃಖದ ವರ್ಷದಲ್ಲಿ. ಆಪಾಳ ಒಬ್ಬಳೇ ಮಗಳು ಆಕ್ಲಂಡಿನ ಅಂಚಿನ ತಕಾನಿನಿಯ ಹೊಸ ಬಡಾವಣೆಯಲ್ಲಿ ಮನೆ ಮಾಡಿದ್ದಳು. ಮಕ್ಕಳಿಗೆಂದು ಒಂದು ಕೋಣೆಗೆ ಹಳದಿ ಬಣ್ಣ ಬಳಿಸಿಟ್ಟಿದ್ದಳು. ಬಸಿರು ನಿಲ್ಲುತ್ತಿರಲಿಲ್ಲ. ಪ್ರತಿ ಸಲವೂ ಆಪಾ ಟೌರಂಗಾದಿಂದ ಕಾರು ಹತ್ತಿ ಹೋಗಿ, ಮಗಳಿಗೆ ಗಂಜಿ ಕಾಯಿಸಿಕೊಟ್ಟು, ಆ ಕೋಣೆಯ ಬಾಗಿಲು ಮುಚ್ಚಿ ವಾಪಸು ಬರುತ್ತಿದ್ದಳು. ನನಗೆ ಮಿಲಾನ್ ಹತ್ತಿರ ಒಂದು ವಿಚಾರ ಸಂಕಿರಣವಿತ್ತು. ನೀನೂ ಬಾ, ನಾಲ್ಕು ದಿನ ಬೇರೆ ಗಾಳಿ ಕುಡಿದು ಬರೋಣ ಎಂದೆ.

ಸಂಕಿರಣ ಮುಗಿದ ಮೇಲೆ ಆ ಕಣಿವೆಗೆ ಹೋದೆವು. ಕಣಿವೆಯ ನಡುವೆ ಬೂದು ಕಲ್ಲುಗಳ ಮೇಲೆ ಸದ್ದು ಮಾಡಿಕೊಂಡು ಹರಿಯುವ ಒಂದು ನದಿ. ಎರಡೂ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ದ್ರಾಕ್ಷಿ ತೋಟಗಳು, ಅವುಗಳ ಮೇಲೆ ಚೆಸ್ಟ್‌ನಟ್ ಮರಗಳ ಕಾಡು. ಕಾಯಿ ಉದುರುವ ಕಾಲ. ಮುಳ್ಳಿನ ಸಿಪ್ಪೆ ದಾರಿಯ ತುಂಬ ಬಿದ್ದಿತ್ತು, ಚಪ್ಪಲಿಗೆ ಚುಚ್ಚುತ್ತಿತ್ತು. ಕತ್ತೆತ್ತಿ ನೋಡಿದರೆ ಕಂಡ ಗುಡ್ಡದ ನೆತ್ತಿಯ ಮೇಲೆಲ್ಲ ಒಂದೊಂದು ಪುಟ್ಟ ಗುಡಿ. ಎಲ್ಲವೂ ಮಾತೆ ಮೇರಿಯದು. ಬಾಗಿಲು ಹಾಕಿರುತ್ತಿತ್ತು, ಕೀಲಿ ಕೆಳಗಿನ ಯಾವುದೋ ಮನೆಯಲ್ಲಿ. ಬಂದವರು ಕಂಬಿಯ ಸಂದಿಯಿಂದ ಇಣುಕಿ, ಒಳಗಿನ ಮಬ್ಬಿನಲ್ಲಿ ಅವಳ ನೀಲಿ ಸೆರಗು ಕಂಡರೆ ಸಮಾಧಾನಪಟ್ಟುಕೊಂಡು ಇಳಿಯಬೇಕು.

ಮೇರಿಯನ್ನು ನಮ್ಮಲ್ಲಿ ಬೀಬಿ ಮರಿಯಮ್ ಎನ್ನುತ್ತಾರೆ, ಆಪಾಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. "ನಮ್ಮೂರಾಗ ಪೀರಸಾಬ್ರೂ ಗುಡ್ಡದ ಮ್ಯಾಲೆ, ಎಲ್ಲಮ್ಮನೂ ಗುಡ್ಡದ ಮ್ಯಾಲೆ. ಇಲ್ಲಿ ನೋಡಿದ್ರ ಬೀಬಿ ಮರಿಯಮ್ಮೂ ಗುಡ್ಡದ ಮ್ಯಾಲೆ. ದೊಡ್ಡವರಿಗೆ ಯಾರಿಗೂ ತೆಗ್ಗು ಸೇರಂಗಿಲ್ಲ ನೋಡು," ಎಂದಳು.

ಅವರಿಗೆ ಮೊಣಕಾಲು ನೋವಿರಲಿಲ್ಲ, ಅದಕ್ಕೇ ಎಂದೆ. ನಕ್ಕಳು. ಆಗಿನ್ನೂ ಅವಳ ಮೊಣಕಾಲು ಗಟ್ಟಿಯಾಗಿದ್ದವು. ನನಗಿಂತ ಮುಂದೆ ಹತ್ತುತ್ತಿದ್ದಳು.

ನಿಂತಲ್ಲಿ ನಿಲ್ಲಲಾರದವನು ನಾನು. ಒಂದು ಗುಡ್ಡ ಹತ್ತಿದ ಕೂಡಲೇ ಎದುರಿನದು ಕಣ್ಣಿಗೆ ಬೀಳುತ್ತಿತ್ತು, ಅಲ್ಲಿಂದ ನದಿಯ ತಿರುವು ಇನ್ನೂ ಚೆನ್ನಾಗಿ ಕಾಣಬಹುದು ಎನಿಸುತ್ತಿತ್ತು. ಎರಡು ದಿನಗಳಲ್ಲಿ ನಾಲ್ಕು ಗುಡ್ಡ ಹತ್ತಿಸಿದೆ. ಅವಳು ಗುಡಿಯ ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ನಾನು ಅಂಚಿಗೆ ಹೋಗಿ ಮುಂದಿನ ದಾರಿ ಹುಡುಕುತ್ತಿದ್ದೆ. ಒಂದರಲ್ಲಾದರೂ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದರೆ ಈ ಕಥೆ ಬೇರೆ ಇರುತ್ತಿತ್ತು. ನಾಲ್ಕೂ ನನ್ನ ತಲೆಯಲ್ಲಿ ಕಲಸಿಹೋಗಿವೆ. ಒಂದರ ಘಂಟೆ ಇನ್ನೊಂದರ ಗೋಪುರದಲ್ಲಿ ಬಾರಿಸುತ್ತದೆ.

ಆ ನಾಲ್ಕರಲ್ಲಿ ಯಾವುದೋ ಒಂದರಲ್ಲಿ ಆಪಾ ತನ್ನ ದುಪಟ್ಟಾದ ಅಂಚು ಹರಿದು ಕಂಬಿಗೆ ಕಟ್ಟಿದಳು. ಹಸಿರು ದುಪಟ್ಟಾ. ಬಟ್ಟೆ ಹರಿದ ಸದ್ದಿಗೆ ತಿರುಗಿ ನೋಡಿದೆ, ಅವಳ ಬೆನ್ನು ಕಂಡಿತು. ನಮ್ಮೂರಿನ ದರ್ಗಾದಲ್ಲಿ ಜಾಲರಿಗೆ ದಾರ ಕಟ್ಟುವ ಹಾಗೆಯೇ ಕಟ್ಟಿದ್ದಳು. ಇಲ್ಲಿ ಹೀಗೆ ಕಟ್ಟುವ ರೂಢಿ ಇದೆಯೋ ಇಲ್ಲವೋ ಎಂದು ಗೊಣಗಿದೆ. ಬೀಬಿಗೆ ಗೊತ್ತಾಗುತ್ತದೆ ಬಿಡು ಎಂದಳು.

ಮುಂದಿನ ವರ್ಷ ಮಗಳಿಗೆ ಬಸಿರು ನಿಂತಿತು. ಹೆಣ್ಣು ಮಗು.

ದರ್ಗಾದಲ್ಲಿ ಕಟ್ಟಿದ್ದಕ್ಕೆ ಒಂದು ನಿಯಮವಿದೆ. ಕೇಳಿದ್ದು ಕೈಗೂಡಿದ ಮೇಲೆ ಬಂದು ಬಿಚ್ಚಬೇಕು. ಕಟ್ಟಿದವರು ಬರಲಾಗದಿದ್ದರೆ ಅವರ ರಕ್ತದವರು ಬರಬೇಕು. ಊರಲ್ಲಿ ಇದು ಕಷ್ಟವಲ್ಲ. ಜಾಲರಿಯ ತುಂಬ ಸಾವಿರ ದಾರಗಳಿರುವಲ್ಲಿ ತನ್ನದನ್ನೇ ಯಾರೂ ಹುಡುಕುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಬಿಚ್ಚುತ್ತಾರೆ, ತಮ್ಮದನ್ನು ಇನ್ಯಾರೋ ಬಿಚ್ಚಿರುತ್ತಾರೆ, ಲೆಕ್ಕ ಮೇಲಿನವನದು. ಆದರೆ ಆ ಕಣಿವೆಯಲ್ಲಿ ಅಂಥ ದಾರ ಒಂದೇ ಒಂದು. ಬಿಚ್ಚುವುದಾದರೆ ಅದನ್ನೇ ಬಿಚ್ಚಬೇಕು. ಅದನ್ನು ಬಿಚ್ಚುವವರೆಗೆ ಮಗುವಿನ ಹುಟ್ಟುಗೂದಲಿಗೆ ಕತ್ತರಿ ಮುಟ್ಟಿಸುವಂತಿಲ್ಲ ಎಂದು ಆಪಾ ಹೇಳಿಬಿಟ್ಟಳು.

ಅವಳೇ ಹೋಗುವವಳಿದ್ದಳು. ಮಗು ಸ್ವಲ್ಪ ದೊಡ್ಡದಾಗಲಿ ಎಂದು ಕಾದಳು. ಅಷ್ಟರಲ್ಲಿ ಮೊಣಕಾಲು ಕೈಕೊಟ್ಟವು. ಒಂದಕ್ಕೆ ಆಪರೇಷನ್ ಆಯಿತು, ಅದು ಸರಿಹೋಗಲಿಲ್ಲ. ಟೌರಂಗಾದ ಕಡಲ ದಂಡೆಯಲ್ಲಿ, ಎಲ್ಲರೂ ಮೌಂಟ್ ಎನ್ನುವ ಗುಡ್ಡದ ಬುಡ ಸುತ್ತುವ ಸಪಾಟು ದಾರಿಯಲ್ಲೂ ಮೊದಲ ಬೆಂಚಿನವರೆಗೆ ಬಂದರೆ ಹೆಚ್ಚು. ಇತ್ತ ಮಗುವಿನ ಕೂದಲು ಕಣ್ಣಿಗೆ ಇಳಿಯಿತು, ಆಮೇಲೆ ಕುತ್ತಿಗೆಗೆ. ಊಟದ ಅನ್ನವೆಲ್ಲ ಅದಕ್ಕೆ ಮೆತ್ತಿಕೊಳ್ಳುತ್ತಿತ್ತು. ಸೋದರ ಸೊಸೆಗೆ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ಮಮ್ಮಿ, ಶಿ ಕಾಂಟ್ ಈವನ್ ಸೀ," ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಆಪಾ ಕ್ಲಿಪ್ ಹಾಕು ಎನ್ನುತ್ತಿದ್ದಳು. ತಾಯಿ ಮಗಳ ನಡುವೆ ಮಾತು ಬಿಗಿಯುತ್ತ ಬಂತು. ಮಗಳು ಟೌರಂಗಾಕ್ಕೆ ಬರುವುದು ಕಡಿಮೆಯಾಯಿತು. ಮೊಮ್ಮಗಳನ್ನು ಫೋನಿನಲ್ಲಷ್ಟೇ ನೋಡುವ ಹಾಗಾಯಿತು ಎಂದು ಆಪಾ ನನ್ನ ಹತ್ತಿರ ಹೇಳಿಕೊಂಡಳು. ಆದರೂ ಹರಕೆ ಬಿಡಲಿಲ್ಲ.

ಹೀಗಾಗಿ ಯಾವ ಗುಡ್ಡ ಎಂಬ ಪ್ರಶ್ನೆ ಬಂತು. ಆಪಾ ಹೇಳುತ್ತಿದ್ದದ್ದು ಒಂದೇ. ಅಲ್ಲಿ ಒಂದು ನಲ್ಲಿ ಇತ್ತು. ಕಲ್ಲಿನ ತೊಟ್ಟಿ, ಮಂಜಿನ ಹಾಗೆ ತಣ್ಣಗಿನ ನೀರು. ಕೈಕಾಲು ಮುಖ ತೊಳೆದು, ತಲೆಗೆ ಸೆರಗು ಹೊದ್ದು, ಆಮೇಲೆ ಕಟ್ಟಿದೆ. ನಾನು ಒಪ್ಪುತ್ತಿರಲಿಲ್ಲ. ನಲ್ಲಿ ಇದ್ದದ್ದು ಸ್ಮಶಾನದ ಪಕ್ಕದ ಗುಡ್ಡದಲ್ಲಿ, ಅಲ್ಲಿಯ ಗುಡಿಗೆ ಮರದ ಬಾಗಿಲು, ಕಂಬಿಯೇ ಇಲ್ಲ. ನೀನು ಕಟ್ಟಿದ್ದು ಚೆಸ್ಟ್‌ನಟ್ ತೋಪಿನ ಮೇಲಿನ ಗುಡಿಯಲ್ಲಿ, ಅದರ ಕಂಬಿಗೆ ನೀಲಿ ಬಣ್ಣ, ಚಕ್ಕೆ ಎದ್ದಿತ್ತು. ನೀನು ಎರಡು ಗುಡ್ಡ ಕೂಡಿಸಿ ಒಂದು ಮಾಡಿಕೊಂಡಿದ್ದೀಯ. ಹೀಗೆ ಅವಳಿಗೆ ಬಿಡಿಸಿ ಹೇಳುತ್ತಿದ್ದೆ. ನೀರು ತಣ್ಣಗಿತ್ತು ಎಂದು ಹೇಗೆ ಗೊತ್ತು, ತೊಟ್ಟಿ ಎಡಕ್ಕಿತ್ತೇ ಬಲಕ್ಕಿತ್ತೇ, ಎಂದು ಕೇಳುತ್ತಿದ್ದೆ. ಇಬ್ಬರ ಫೋನಿನಲ್ಲೂ ಬರೀ ನದಿಯ ಫೋಟೋಗಳು. ಗುಡಿಯ ಮುಂದೆ ನಿಂತು ತೆಗೆಯುವ ಪುರಸೊತ್ತು ನಾನು ಕೊಟ್ಟಿರಲಿಲ್ಲ.

ಕಳೆದ ವರ್ಷ ನನಗೆ ಮತ್ತೆ ಆ ಕಡೆ ಕೆಲಸ ಬಿತ್ತು. ಆಪಾ ಬೇಡಿಕೊಳ್ಳಲಿಲ್ಲ. ನೀನೂ ನನ್ನ ರಕ್ತದವನೇ, ನೀನು ಬಿಚ್ಚಿದರೂ ನಡೆಯುತ್ತದೆ ಎಂದಷ್ಟೇ ಹೇಳಿದಳು. ಬಿಚ್ಚುವಾಗ ಬಿಸ್ಮಿಲ್ಲಾ ಅನ್ನು, ನಂಬಿಕೆ ಇಲ್ಲದಿದ್ದರೂ ಬಾಯಿಂದ ಅನ್ನು ಎಂದಳು. ಆಯಿತು ಎಂದೆ.

ಬೆಳಗಿನ ಬಸ್ಸಿನಲ್ಲಿ ಕಣಿವೆಗೆ ಬಂದಿಳಿದೆ. ಮೊದಲು ಹತ್ತಿದ್ದು ಚೆಸ್ಟ್‌ನಟ್ ತೋಪಿನ ಗುಡ್ಡ. ತೋಪು ನನ್ನ ನೆನಪಿನಲ್ಲಿ ಇದ್ದದ್ದಕ್ಕಿಂತ ಬಹಳ ಕೆಳಗೇ ಮುಗಿಯಿತು. ಮೇಲೆ ಬರೀ ಹುಲ್ಲು. ಗುಡಿಗೆ ಕಂಬಿ ಇತ್ತು, ನೀಲಿ ಅಲ್ಲ, ಕಪ್ಪು, ಎಂದೂ ಬಣ್ಣ ಕಾಣದ ಕಬ್ಬಿಣ. ಒಂದೊಂದು ಕಂಬಿಯನ್ನೂ ಬುಡದಿಂದ ತುದಿಯವರೆಗೆ ಬೆರಳಾಡಿಸಿ ನೋಡಿದೆ. ತುಕ್ಕು ಅಂಟಿತು. ಎರಡನೆಯದರಲ್ಲಿ ನೀಲಿ ಬಣ್ಣ ಸಿಕ್ಕಿತು, ಆದರೆ ಅದು ಕಿಟಕಿಗೆ. ಕೆಳಗಿನ ಮನೆಯ ಮುದುಕಿ ಕೀಲಿ ತಂದು ಬಾಗಿಲು ತೆಗೆದು ಕೊಟ್ಟಳು. ನಾನು ಮೇರಿಯ ಕಡೆ ನೋಡದೆ ಕಂಬಿಗಳನ್ನೇ ತಡವುತ್ತಿದ್ದದ್ದನ್ನು ಕಂಡು, ಕಳ್ಳನೋ ಹುಚ್ಚನೋ ಎಂದು ತೀರ್ಮಾನಿಸಲಾಗದೆ ಬಾಗಿಲಲ್ಲೇ ನಿಂತಳು. ಮೂರನೆಯ ಗುಡಿಯಲ್ಲಿ ಕಂಬಿಯ ಜಾಗದಲ್ಲಿ ಗಾಜು ಕೂರಿಸಿದ್ದರು. ಅದು ಯಾವಾಗಿನದೋ ನನಗೆ ತಿಳಿಯಲಿಲ್ಲ.

ಇಳಿದು ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಕಾಫಿ ತೆಗೆದುಕೊಂಡು ಕೂತೆ. ನದಿಯಾಚೆ ಸ್ಮಶಾನದ ಗುಡ್ಡ ಎದುರಿಗೇ ಇತ್ತು. ಸಂಜೆ ಬಿಸಿಲು ಅದರ ಗುಡಿಯ ಗೋಡೆಗೆ ಬಿದ್ದು, ಗೋಡೆ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಹತ್ತಬಹುದಿತ್ತು. ಈ ಬಸ್ಸು ತಪ್ಪಿದರೆ ಕೊನೆಯದೊಂದು ಇತ್ತು. ಆದರೆ ಅಲ್ಲಿ ಮರದ ಬಾಗಿಲು, ಕಂಬಿ ಇಲ್ಲ ಎಂಬುದು ನನಗೆ ಖಚಿತವಾಗಿತ್ತು. ತೋಪು, ಕಂಬಿಯ ಬಣ್ಣ, ಅಂದು ನನ್ನ ನೆನಪು ಎಲ್ಲ ಕಡೆಯೂ ಸುಳ್ಳಾಗಿತ್ತು. ಆದರೂ ಇದೊಂದನ್ನು ಮಾತ್ರ ನಂಬಿದೆ. ಕಾಲೂ ನೋಯುತ್ತಿತ್ತು, ಮನಸ್ಸಾಗಲೇ ಮರುದಿನದ ವಿಮಾನದಲ್ಲಿತ್ತು. ಬಸ್ಸು ಬಂತು, ಹತ್ತಿದೆ. ತಿರುವಿನಲ್ಲಿ ಆ ಗೋಡೆ ಇನ್ನೊಮ್ಮೆ ಕಂಡು ಮರೆಯಾಯಿತು.

ಆಕ್ಲಂಡಿನಲ್ಲಿ ಇಳಿದು ನೇರ ತಕಾನಿನಿಗೆ ಹೋದೆ. ನಾನು ಬರುವ ದಿನಕ್ಕೆ ಸರಿಯಾಗಿ ಆಪಾ ಕೂಡ ಬಂದಿದ್ದಳು. ಮನೆಯ ಹಿಂದಿನ ಹುಲ್ಲಿನ ಮೇಲೆ ಒಂದು ಸ್ಟೂಲು, ಅದರ ಮೇಲೆ ಟವೆಲ್ಲು, ಕತ್ತರಿ, ಒಂದು ಬಟ್ಟಲಲ್ಲಿ ನೀರು. ಅಷ್ಟು ಖಾತ್ರಿ ಇತ್ತು ಅವಳಿಗೆ. ನಾನು ಸಿಗಲಿಲ್ಲ ಎಂದೆ. ಗುಡ್ಡ, ಕಂಬಿ, ಗಾಜು, ಎಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

"ಆ ನಲ್ಲಿ ಇತ್ತೇನು?"

"ಆ ಗುಡ್ಡ ಹತ್ತಲಿಲ್ಲ ಆಪಾ."

"ಹತ್ತಲಿಲ್ಲ?"

"ಅದರಾಗ ಕಂಬಿ ಇರಲಿಲ್ಲ ಅಂತ ನನಗ..."

"ನೀ ಹತ್ತಲೇ ಇಲ್ಲಲ್ಲೋ ತಮ್ಮಾ," ಎಂದಳು. ದನಿ ಏರಲಿಲ್ಲ. ಬಟ್ಟಲಿನ ನೀರಿನಲ್ಲಿ ಒಂದು ಇರುವೆ ಬಿದ್ದಿತ್ತು, ಅದನ್ನು ಬೆರಳಿನಿಂದ ಎತ್ತಿ ಹುಲ್ಲಿಗೆ ಬಿಟ್ಟಳು. "ನಿಂದ್ ಮಾತ್ ನೀ ನಂಬಿದಿ. ನನ್ ಮಾತ್ ನಂಬಿ ಹತ್ತಿದ್ರ ಏನ್ ಕಳಕೊಳ್ತಿದ್ದಿ?"

ಸೋದರ ಸೊಸೆ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಕೂದಲ ಹಿಂದೆ ಮಗುವಿನ ಮುಖವೇ ಕಾಣುತ್ತಿರಲಿಲ್ಲ.

ಆಪಾ ಮಗುವನ್ನು ಕೊಡು ಎಂದು ಕೈ ಚಾಚಿದಳು. ಸ್ಟೂಲಿನ ಮೇಲೆ ಕೂರಿಸಿ, ಕೂದಲಿಗೆ ನೀರು ತಟ್ಟಿ, ತಾನೇ ಕತ್ತರಿಸಿದಳು. ಮುಂದಿನದು, ಬದಿಯದು, ಹಿಂದಿನದು. ನೆತ್ತಿಯ ಹಿಂದೆ ಬೆರಳು ದಪ್ಪದ ಒಂದು ಜುಟ್ಟನ್ನು ಮಾತ್ರ ಬಿಟ್ಟು ರಬ್ಬರ್ ಬ್ಯಾಂಡ್ ಹಾಕಿದಳು. ತೀರದ ಹರಕೆಗೆ ಹೀಗೆ ಜುಟ್ಟು ಬಿಡುವುದು ನಮ್ಮ ಕಡೆ ಉಂಟು. ನಾನು ಚಿಕ್ಕವನಿದ್ದಾಗ ಬೀದಿಯಲ್ಲಿ ಅಂಥ ತಲೆಗಳನ್ನು ಕಂಡಿದ್ದೆ, ಮರೆತಿದ್ದೆ. ತಮ್ಮ ಆ ಗುಡ್ಡ ಹತ್ತಿ ಬಂದ ದಿನ ಇದನ್ನೂ ಕತ್ತರಿಸುತ್ತೇನೆ ಎಂದು ಆಪಾ ಮಗಳಿಗೆ ಹೇಳಿದಳು. ಮಗಳು ಒಪ್ಪಿದಳು. ಅಂದು ರಾತ್ರಿ ಆಪಾ ಆ ಹಳದಿ ಕೋಣೆಯಲ್ಲೇ ಮಲಗಿದಳು. ತಾಯಿ ಮಗಳ ಬಿಗಿತ ಅಷ್ಟಕ್ಕೇ ಸಡಿಲವಾಯಿತು, ಅದೊಂದು ಒಳ್ಳೆಯದಾಯಿತು.

ಜುಟ್ಟು ಈಗ ಹೆಗಲಿಗೆ ಬಂದಿದೆ. ಮೊನ್ನೆ ತಕಾನಿನಿಗೆ ಹೋಗಿದ್ದಾಗ ಮಗುವನ್ನು, ಇಲ್ಲಿ ಡೇರಿ ಎಂದು ಕರೆಯುವ ಮೂಲೆಯ ಚಿಲ್ಲರೆ ಅಂಗಡಿಗೆ ಐಸ್‌ಕ್ರೀಮ್ ಕೊಡಿಸಲು ಕರೆದೊಯ್ದಿದ್ದೆ. ಅಂಗಡಿಯವನು ಇದೇನು ಸ್ಟೈಲು ಎಂದು ಕೇಳಿದ. "ದ್ಯಾಟ್ಸ್ ಮಾಮುಸ್," ಎಂದು ಅವಳು ನನ್ನತ್ತ ಬೆರಳು ಮಾಡಿದಳು. ಜುಟ್ಟು ಮಾಮುವಿನದು, ಅಂದರೆ ನನ್ನದು, ಎಂದು ಮನೆಯಲ್ಲಿ ಕಲಿಸಿದ್ದಾರೆ. ಅವನು ನಕ್ಕ, ನಾನೂ ನಕ್ಕೆ.

ಹೋಗುತ್ತೇನೆ. ಈ ವರ್ಷ ಆಗಲಿಲ್ಲ, ಪರೀಕ್ಷೆಗಳು, ಆಮೇಲೆ ಇನ್ನೇನೋ. ದಾರ ಅಷ್ಟು ಮಳೆಗಾಲ, ಅಷ್ಟು ಹಿಮ ದಾಟಿ ಉಳಿದಿರುವುದು ಸಾಧ್ಯವಿಲ್ಲ ಎಂದು ತಲೆ ಹೇಳುತ್ತದೆ. ಆದರೆ ನನ್ನನ್ನು ಬಾಧಿಸುತ್ತಿರುವುದು ಅದಲ್ಲ. ಕಳೆದ ಸಲ ಟೌರಂಗಾಕ್ಕೆ ಹೋದಾಗ ಮೌಂಟ್‌ನ ಬುಡದ ಆ ಮೊದಲ ಬೆಂಚಿನ ಮೇಲೆ ಕೂತಿದ್ದೆವು. ಕೆಳಗೆ ಕಡಲು ಬಂಡೆಗೆ ಬಡಿಯುತ್ತಿತ್ತು, ಮೇಲಿನ ಹುಲ್ಲಿನಲ್ಲಿ ಕುರಿಗಳು. ಆಪಾ ಮೊಣಕಾಲು ನೀವಿಕೊಳ್ಳುತ್ತ, ಯಾರೂ ಕೇಳದೆ, ತಾನಾಗಿಯೇ ಮಾತು ತೆಗೆದಳು.

"ನೀ ಅಂದದ್ದೂ ಖರೇ ಇದ್ದೀತು. ಆ ನಲ್ಲಿ ಬ್ಯಾರೆ ಕಡೆ ಇತ್ತೋ ಏನೋ. ಈಗ ನೆನಸಿದ್ರ ನೀರಿನ ಸಪ್ಪಳನೂ ಕೇಳವಲ್ದು."

ಇಷ್ಟು ವರ್ಷ ನಾನು ಬಯಸಿದ್ದ ಒಪ್ಪಿಗೆ ಅದು.

"ಇತ್ತು ಆಪಾ," ಎಂದೆ. "ನಲ್ಲಿ ಅಲ್ಲೇ ಇತ್ತು. ಕಲ್ಲಿನ ತೊಟ್ಟಿ. ನೀರು ಭಾಳ ತಣ್ಣಗಿತ್ತು."

ಅವಳು ನನ್ನ ಮುಖ ನೋಡಿದಳು. "ತೊಟ್ಟಿ ಎಡಕ್ಕಿತ್ತೋ, ಬಲಕ್ಕಿತ್ತೋ?" ಎಂದು ಕೇಳಿದಳು. ತಮಾಷೆಗೋ ನಿಜಕ್ಕೋ ನನಗೆ ತಿಳಿಯಲಿಲ್ಲ.

ಎಡಕ್ಕೆ ಎಂದೆ.